ಹಲಾಲ್ ಆ್ಯಪ್ ಯಾವುದೆಂದು ಕೇಳುವ ಮುನ್ನ

ಮದ್ದೂರಿನ ನಮ್ಮ ಮದ್ರಸದಲ್ಲಿ ಅಸರ್ ನಮಾಝಿನ ನಂತರ ಮಕ್ಕಳು ಪಾಠ ಒಪ್ಪಿಸುತ್ತಾರೆ. ಕಳೆದ ಚಳಿಗಾಲದ ಒಂದು ಸಂಜೆ, ಅದೇ ಹೊತ್ತಿನಲ್ಲಿ, ಮಳವಳ್ಳಿಯಿಂದ ಹಿರಿಯ ಮಹಿಳೆಯೊಬ್ಬರು ಬಂದು ಬಾಗಿಲ ಬಳಿ ಗೋಡೆಗೊರಗಿ ಕುಳಿತರು. ನಾವು ಅವರನ್ನು ಖಾಲಾ ಎಂದೇ ಕರೆಯುವುದು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಸಂಸಾರ ನಡೆಸಿದವರು. ಕೊನೆಯ ಹುಡುಗ ಸಬಕ್ ಒಪ್ಪಿಸಿ ಎದ್ದ ಮೇಲೆ ಅವರು ಮೊಬೈಲ್ ತೆಗೆದು ನಮ್ಮ ಮುಂದೆ ಹಿಡಿದರು. ಪರದೆಯ ಮೇಲೆ ಹಸಿರು ಬಣ್ಣದ ಒಂದು ಆ್ಯಪ್. ಮೇಲೆ ಬಾಲಚಂದ್ರನ ಗುರುತು, ಅದರ ಕೆಳಗೆ ಶರೀಅತ್‌ಗೆ ಅನುಗುಣವಾದ ಹೂಡಿಕೆ ಎಂಬ ಇಂಗ್ಲಿಷ್ ಬರಹ, ಇನ್ನೂ ಕೆಳಗೆ ದಿನಕ್ಕೆ ಶೇಕಡಾ 1 ಲಾಭದ ಭರವಸೆ.

"ಹಜ್ರತ್, ಮೊಮ್ಮಗಳ ಕಾಲೇಜಿಗೆ ಅಂತ ಒಂದು ಲಕ್ಷದ ಇಪ್ಪತ್ತು ಸಾವಿರ ಕೂಡಿಸಿಟ್ಟಿದ್ದೇನೆ. ಅಕ್ಕನ ಮಗ ಇದರಲ್ಲಿ ಹಾಕಿ ಅಂತಾನೆ. ಇದು ಹಲಾಲಾ?"

ನಾವು ಒಡನೆ ಉತ್ತರಿಸಲಿಲ್ಲ. ಉತ್ತರಿಸುವ ಧೈರ್ಯವಾಗಲಿಲ್ಲ ಎನ್ನುವುದೇ ಸತ್ಯ. ಏಕೆಂದರೆ ಇದೇ ಖಾಲಾ ಇದೇ ಪ್ರಶ್ನೆಯನ್ನು 2017ರಲ್ಲೂ ನಮ್ಮ ಬಳಿ ಕೇಳಿದ್ದರು.

ಆಗ ಆ್ಯಪ್ ಇರಲಿಲ್ಲ, ಕರಪತ್ರವಿತ್ತು. ಜುಮಾ ನಮಾಝ್ ಮುಗಿದು ಜನರು ಹೊರಬರುವಾಗ ಇಬ್ಬರು ಯುವಕರು ಮಸೀದಿಯ ಬಾಗಿಲಲ್ಲಿ ಅದನ್ನು ಹಂಚುತ್ತಿದ್ದರು. ತಲೆಬರಹದಲ್ಲಿ ಬಿಸ್ಮಿಲ್ಲಾ, ಬಡ್ಡಿರಹಿತ ವ್ಯಾಪಾರವೆಂಬ ಮಾತು, ಒಂದೆರಡು ವಿದ್ವಾಂಸರ ಭಾವಚಿತ್ರ, ಪ್ರತಿ ತಿಂಗಳು ತಪ್ಪದೆ ಬರುವ 'ಲಾಭಾಂಶ'. ಖಾಲಾರ ಪತಿ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ದುಡಿದು ತೀರಿಕೊಂಡಿದ್ದರು. ಅವರು ಬಿಟ್ಟುಹೋದ 80,000 ರೂಪಾಯಿ ಅವರ ಕೈಯಲ್ಲಿತ್ತು. ಬ್ಯಾಂಕಿನಲ್ಲಿಟ್ಟರೆ ಬಡ್ಡಿಯ ಪಾಪ ಬರುತ್ತದೆಂಬ ಭಯವಿತ್ತು. ನಮ್ಮನ್ನು ಕೇಳಿದರು. ನಾವು ಕರಪತ್ರವನ್ನು ಮೇಲಿನಿಂದ ಕೆಳಗೆ ಓದಿ, "ಬಡ್ಡಿ ಇಲ್ಲ ಎಂದಿದ್ದಾರೆ, ಬಿಸ್ಮಿಲ್ಲಾ ಹೇಳಿ ಹಾಕಿ ಖಾಲಾ" ಎಂದೆವು. ಒಂಬತ್ತು ತಿಂಗಳು ಹಣ ಬಂತು. ಹತ್ತನೆಯ ತಿಂಗಳು ಕಚೇರಿಗೆ ಬೀಗ ಬಿದ್ದಿತ್ತು.

ಅದು ಪತ್ರಿಕೆಗಳಲ್ಲಿ ಹೆಸರು ಬರುವಷ್ಟು ದೊಡ್ಡ ಸಂಸ್ಥೆಯಾಗಿರಲಿಲ್ಲ. ದೊಡ್ಡದರ ಕಥೆ ನಾಡಿಗೇ ಗೊತ್ತು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಮುಚ್ಚಿಕೊಂಡಾಗ ಅದರ ಮಾಲೀಕ ದುಬೈಗೆ ಹೋಗಿಯಾಗಿತ್ತು. ಜುಲೈ 19ರಂದು ದೆಹಲಿಯ ವಿಮಾನ ನಿಲ್ದಾಣದಲ್ಲಿ ಆತನ ಬಂಧನವಾಯಿತು. ಸುಮಾರು 4,000 ಕೋಟಿ ರೂಪಾಯಿ ಸಂಗ್ರಹಿಸಿದ್ದ ಆ ಸಂಸ್ಥೆಯ ಕಚೇರಿಯ ಮುಂದೆ ದೂರು ಕೊಡಲು ಸಾಲುಗಟ್ಟಿದವರಲ್ಲಿ ಬುರ್ಖಾ ತೊಟ್ಟ ತಾಯಂದಿರೇ ಹೆಚ್ಚಾಗಿ ಕಂಡರು. ಆ ಪ್ರಕರಣದಲ್ಲಿ ಒಂದು ಸೂಕ್ಷ್ಮವಿದೆ. ಹಣ ಕೊಟ್ಟವರನ್ನು ಅವರು ಠೇವಣಿದಾರರೆಂದು ಕರೆಯದೆ ಎಲ್‌ಎಲ್‌ಪಿ ಎಂಬ ಪಾಲುದಾರಿಕೆ ಸಂಸ್ಥೆಗಳ 'ಪಾಲುದಾರರು' ಎಂದು ದಾಖಲಿಸಿದ್ದರು. ನಮ್ಮಂಥ ಮದ್ರಸದಲ್ಲಿ ಓದಿದವರ ಕಿವಿಗೆ ಪಾಲುದಾರಿಕೆ ಎಂದರೆ ಮುಶಾರಕ, ಫಿಕ್ಹ್ ಗ್ರಂಥಗಳ ಗೌರವಾನ್ವಿತ ಪದ. ಆದರೆ ಮುಶಾರಕದಲ್ಲಿ ಪಾಲುದಾರನಿಗೆ ಲೆಕ್ಕ ನೋಡುವ ಹಕ್ಕಿದೆ, ನಷ್ಟದಲ್ಲೂ ಪಾಲಿದೆ. ತಿಂಗಳ ನಿಗದಿತ ದಿನ ಹಣ ಕೈಗೆ ಬೀಳುತ್ತಿದ್ದುದರಿಂದ ಲೆಕ್ಕ ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಅಂದಿನ ನಮ್ಮ ಉತ್ತರದ ಬಗ್ಗೆ ಖಾಲಾ ಎಂದೂ ಒಂದು ಕಟು ಮಾತು ಆಡಿರಲಿಲ್ಲ. ಈ ಸಂಜೆ ಮಾತ್ರ, ನಾವು ಮೊಬೈಲ್ ಹಿಡಿದು ಸುಮ್ಮನೆ ಕುಳಿತಿದ್ದುದನ್ನು ಕಂಡು, ಮೆಲ್ಲಗೆ ಕೇಳಿದರು: "ಆವಾಗ ನೀವೂ ಹಾಕಿದ್ರಾ ಹಜ್ರತ್?"

ನಾವು ಹಾಕಿರಲಿಲ್ಲ.

ಕೈಯಲ್ಲಿ ಹಣವಿರಲಿಲ್ಲವೆಂದು ಹೇಳಬಹುದಿತ್ತು. ಆದರೆ ಆ ವರ್ಷ ನಮ್ಮ ಮನೆಯವರು ಚೀಟಿ ಎತ್ತಿದ್ದ 40,000 ರೂಪಾಯಿ ಕಪಾಟಿನಲ್ಲಿತ್ತು. ಹಾಕೋಣ, ಮುಂದಿನ ತಿಂಗಳು ನೋಡೋಣ ಎಂದು ನಾವು ಮುಂದೂಡುತ್ತಲೇ ಇದ್ದೆವು. ಒಳಗೆ ಒಂದು ಸಣ್ಣ ಅನುಮಾನವಿತ್ತು. ನಮ್ಮ ಹಣದ ವಿಷಯದಲ್ಲಿ ಆ ಅನುಮಾನಕ್ಕೆ ಬೆಲೆ ಕೊಟ್ಟೆವು, ಖಾಲಾರ ಹಣದ ವಿಷಯದಲ್ಲಿ ಕೊಡಲಿಲ್ಲ. ಅವರಿಗೆ ಇದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ನೆಲ ನೋಡಿ, "ಈಗ ನೋಡಿ ಹೇಳಿ" ಎಂದರು. ಒಂದು ವಾರದ ಸಮಯ ಕೇಳಿ ಅವರನ್ನು ಕಳುಹಿಸಿದೆವು. ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಆ ಆ್ಯಪಿಗೆ ಹಾಕಬಾರದೆಂದು ಆಣೆ ಇಡಿಸಿದಂತೆ ಹೇಳಿದೆವು.

ಮಂಡ್ಯದಲ್ಲಿ ನಮಗೊಬ್ಬ ಹಿರಿಯ ಸ್ನೇಹಿತರಿದ್ದಾರೆ, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಗೌಡರು. ನಾವು ಬಿ.ಎ. ಓದುವಾಗ ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆವು. ಅಂದಿನಿಂದ ಅವರಿಗೆ ನಾವು ಮೇಷ್ಟ್ರು. ಅವರ ಮುಂದೆ ಆ ಆ್ಯಪಿನ ಚಿತ್ರಗಳನ್ನಿಟ್ಟು ಇದು ಹಲಾಲೋ ಹರಾಮೋ ಎಂಬುದನ್ನು ಹೇಗೆ ತೀರ್ಮಾನಿಸುವುದೆಂದು ನಮ್ಮ ಗೊಂದಲ ತೋಡಿಕೊಂಡಾಗ ಅವರು ನಕ್ಕರು.

"ಮೇಷ್ಟ್ರೇ, ಹಲಾಲು ಹರಾಮು ನಿಮ್ಮ ಶಾಸ್ತ್ರ, ನಂಗೊತ್ತಿಲ್ಲ. ಆದ್ರೆ ಆ್ಯಪು ಅನ್ನೋದು ಬರೀ ಬಾಗ್ಲು ಕಣ್ರೀ. ಬಾಗ್ಲಿಗೆ ಚೆನ್ನಾಗಿ ಹಸ್ರು ಬಣ್ಣ ಬಳ್ದವ್ರೆ ಅಂತ ಒಳಗ್ಯಾರವ್ರೆ ಅಂತ ನೋಡ್ದೆ ಹೋಗ್ಬುಟ್ಟೀರಾ?"

ಬಳಿಕ ಕಾಗದ ತೆಗೆದುಕೊಂಡು ಒಂದು ಲೆಕ್ಕ ಮಾಡಿದರು. ದಿನಕ್ಕೆ ಶೇಕಡಾ 1 ಲಾಭ, ಲಾಭವನ್ನೂ ತೆಗೆಯದೆ ಅಲ್ಲೇ ಬಿಟ್ಟರೆ, 365 ದಿನಗಳಲ್ಲಿ ಹಣ 37 ಪಟ್ಟಿಗಿಂತಲೂ ಹೆಚ್ಚಾಗಬೇಕು. ಖಾಲಾರ 1,20,000 ರೂಪಾಯಿ ವರ್ಷ ತುಂಬುವುದರೊಳಗೆ 45 ಲಕ್ಷ ದಾಟಬೇಕು. "ಯಾವ ಯಾಪಾರದಲ್ಲಿ ಇಂಗೆ ಬತ್ತದೆ ಮೇಷ್ಟ್ರೇ? ಬಂದಂಗಿದ್ರೆ ಅವ್ರು ನಿಮ್ಮ ಖಾಲಾ ಅವರ ದುಡ್ಡು ಯಾಕೆ ಕೇಳ್ತಿದ್ರು?"

ನಿಜಕ್ಕೂ ಇಷ್ಟು ಸರಳವಾದ ಲೆಕ್ಕವನ್ನು ನಾವು ಮಾಡಿರಲಿಲ್ಲ. 2017ರಲ್ಲೂ ಮಾಡಿರಲಿಲ್ಲ. ಬಡ್ಡಿ ಎಂಬ ಪದ ಕಾಗದದಲ್ಲಿ ಇದೆಯೇ ಇಲ್ಲವೇ ಎಂದಷ್ಟೇ ಹುಡುಕಿದ್ದೆವು. ಕನ್ನಡ ಓದಿದವರಾಗಿ ನಮಗೆ ಗೊತ್ತಿರುವ ಸಂಗತಿಯೊಂದಿದೆ: ಬಡ್ಡಿ ಎಂಬುದು ಸಂಸ್ಕೃತದ 'ವೃದ್ಧಿ'ಯ ತದ್ಭವ. ಪದ ರೂಪ ಬದಲಿಸಿದರೂ ಅರ್ಥ ಒಳಗೇ ಉಳಿದಿರುತ್ತದೆ. ಹಣವನ್ನು ಕೊಟ್ಟು, ನಷ್ಟದ ಹೊಣೆಯಿಲ್ಲದೆ, ನಿಗದಿತ ಮೊತ್ತವನ್ನು ಹಿಂದಕ್ಕೆ ಪಡೆಯುವ ಒಪ್ಪಂದಕ್ಕೆ ಲಾಭಾಂಶವೆಂದು ಹೆಸರಿಟ್ಟರೂ ಅದು ಬಡ್ಡಿಯೇ. ಅಂದಿನ ಆ ಕರಪತ್ರದ ವ್ಯವಹಾರ ವಂಚನೆಯಾಗಿರದಿದ್ದರೂ ಹಲಾಲ್ ಆಗುತ್ತಿರಲಿಲ್ಲ. ಈ ಪಾಠವನ್ನು ನಾವು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇವೆ. ಕರಪತ್ರ ಕೈಗೆ ಬಂದಾಗ ನೆನಪಾಗಲಿಲ್ಲ.

ಗೌಡರ ಮನೆಯ ಜಗುಲಿಯಲ್ಲಿ ಕುಳಿತು ಆ ಮಧ್ಯಾಹ್ನ ನಾವು ಆ ಆ್ಯಪಿನ ಬಾಗಿಲ ಒಳಗೆ ಯಾರಿದ್ದಾರೆಂದು ನೋಡಲು ಹೊರಟೆವು. ಷೇರು ವ್ಯವಹಾರ ನಡೆಸುವವರೂ ಮ್ಯೂಚುಯಲ್ ಫಂಡ್‌ಗಳೂ ಸೆಬಿಯಲ್ಲಿ ನೋಂದಣಿಯಾಗಿರಬೇಕು. ಷೇರು ದಲ್ಲಾಳಿಯ ನೋಂದಣಿ ಸಂಖ್ಯೆ ಐಎನ್‌ಝಡ್ ಎಂಬ ಮೂರು ಅಕ್ಷರಗಳಿಂದಲೂ ಹೂಡಿಕೆ ಸಲಹೆಗಾರರದು ಐಎನ್‌ಎ ಎಂಬ ಅಕ್ಷರಗಳಿಂದಲೂ ಆರಂಭವಾಗುತ್ತದೆ. ಮ್ಯೂಚುಯಲ್ ಫಂಡ್ ಮಾರುವ ವಿತರಕನಿಗೆ ಆ್ಯಂಫಿ ಕೊಟ್ಟ ಎಆರ್‌ಎನ್ ಸಂಖ್ಯೆ ಇರುತ್ತದೆ. ಈ ಸಂಖ್ಯೆಗಳನ್ನು ಆ್ಯಪಿನಲ್ಲಿ ಓದಿ ತೃಪ್ತರಾಗಬಾರದು, ಸೆಬಿಯ ಜಾಲತಾಣಕ್ಕೆ ನಾವೇ ಹೋಗಿ ಹುಡುಕಬೇಕು. ಖಾಲಾರ ಆ್ಯಪಿನಲ್ಲೂ ಒಂದು ಸಂಖ್ಯೆ ಇತ್ತು. ಹುಡುಕಿದಾಗ ಅದು ಸಿಕ್ಕಿತು ಕೂಡ. ಆದರೆ ಅದು ಬೇರೆಯೇ ಒಂದು ಸಂಸ್ಥೆಯ ಸಂಖ್ಯೆ. ಕದ್ದ ನಂಬರ್ ಪ್ಲೇಟ್ ಹಾಕಿದ ಗಾಡಿಯಂತೆ!

ಮುಂದೆ ಹಣ ಯಾರ ಖಾತೆಗೆ ಹೋಗುತ್ತದೆಂದು ನೋಡಿದೆವು. ಆ್ಯಪಿನಲ್ಲಿ ಕೊಟ್ಟಿದ್ದ ಯುಪಿಐ ಐಡಿ ಯಾವುದೋ ವ್ಯಕ್ತಿಯ ಹೆಸರಿನದು. ಸೆಬಿಯು 2025ರ ಅಕ್ಟೋಬರ್ 1ರಿಂದ ದಲ್ಲಾಳಿ ಸಂಸ್ಥೆಗಳಿಗೂ ಮ್ಯೂಚುಯಲ್ ಫಂಡ್‌ಗಳಿಗೂ ವಿಶೇಷ ಯುಪಿಐ ವಿಳಾಸಗಳನ್ನು ಕೊಟ್ಟಿದೆ. ಅವುಗಳಲ್ಲಿ @ ಚಿಹ್ನೆಯ ನಂತರ 'ವ್ಯಾಲಿಡ್' ಎಂಬ ಇಂಗ್ಲಿಷ್ ಪದ ಮತ್ತು ಬ್ಯಾಂಕಿನ ಹೆಸರು ಇರುತ್ತದೆ. ಹಣ ಕಳಿಸುವಾಗ ಹಸಿರು ತ್ರಿಕೋನದೊಳಗೆ ಹೆಬ್ಬೆರಳಿನ ಗುರುತು ಕಾಣುತ್ತದೆ. ಸಂಶಯ ಬಂದರೆ 'ಸೆಬಿ ಚೆಕ್' ಎಂಬಲ್ಲಿ ಆ ಐಡಿಯನ್ನೋ ಬ್ಯಾಂಕ್ ಖಾತೆಯನ್ನೋ ಹಾಕಿ ಪರೀಕ್ಷಿಸಬಹುದು. ಸೆಬಿಯದೇ ಆದ 'ಸಾರಥಿ' ಆ್ಯಪಿನಲ್ಲೂ ಆ ಸೌಲಭ್ಯವಿದೆ. ಮ್ಯೂಚುಯಲ್ ಫಂಡಿನ ಹಣವನ್ನು ಮಧ್ಯವರ್ತಿಗಳು ತಮ್ಮ ಖಾತೆಯಲ್ಲಿ ಒಟ್ಟುಗೂಡಿಸಿಟ್ಟುಕೊಳ್ಳುವುದನ್ನು 2022ರಲ್ಲೇ ನಿಲ್ಲಿಸಲಾಗಿದೆ. ಅಂದರೆ ಸಾಚಾ ಆ್ಯಪಿನ ಮೂಲಕ ಹಾಕಿದ ಹಣ ಆ ಆ್ಯಪಿನವರ ಜೇಬಿಗೆ ಹೋಗುವುದಿಲ್ಲ. ನಾಳೆ ಆ ಆ್ಯಪ್ ಮುಚ್ಚಿಹೋದರೂ ಷೇರು ನಮ್ಮ ಡಿಮ್ಯಾಟ್ ಖಾತೆಯಲ್ಲಿ, ಯೂನಿಟ್ಟುಗಳು ಫಂಡಿನ ಲೆಕ್ಕದಲ್ಲಿ, ನಮ್ಮ ಹೆಸರಿನಲ್ಲೇ ಇರುತ್ತವೆ.

ಇನ್ನೊಂದು ಗುರುತು. ಖಾಲಾರ ಆ್ಯಪ್ ಪ್ಲೇ ಸ್ಟೋರಿನಿಂದ ಬಂದದ್ದಲ್ಲ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಲಿಂಕಿನಿಂದ ಇಳಿಸಿಕೊಂಡದ್ದು. ಪ್ಲೇ ಸ್ಟೋರಿನಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸಾಚಾ ಎಂದೇನಲ್ಲ. ಆದರೆ ಲಿಂಕಿನಿಂದ ಬಂದದ್ದನ್ನು ಮುಟ್ಟಲೇಬಾರದು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಝೆರೋಧಾ, ಗ್ರೋ ಮುಂತಾದ ಹೆಸರಾಂತ ಆ್ಯಪ್‌ಗಳನ್ನು ಹೋಲುವ ನಕಲಿಗಳೂ ಹೀಗೆಯೇ ಕೈಯಿಂದ ಕೈಗೆ ಹರಿದಾಡುತ್ತವೆ. ಅಕ್ಕನ ಮಗನನ್ನು ಕರೆಸಿ ವಿಚಾರಿಸಿದಾಗ ಅವನು ತನ್ನದೇ ಸಾಕ್ಷ್ಯ ಕೊಟ್ಟ: 2,000 ರೂಪಾಯಿ ಹಾಕಿ, ಮೂರು ದಿನ ಬಿಟ್ಟು ಲಾಭದ ಸಮೇತ ತೆಗೆದಿದ್ದನಂತೆ. ಪಾಪ, ಸುಳ್ಳು ಹೇಳುವ ಹುಡುಗನಲ್ಲ. ಮೊದಲ ಸಣ್ಣ ಮೊತ್ತವನ್ನು ಹಿಂದಿರುಗಿಸುವುದೇ ಅವರ ಬಂಡವಾಳ. ಶಿಂಷಾ ಹೊಳೆಯಲ್ಲಿ ಗಾಳ ಹಾಕುವವರು ಎರೆಹುಳವನ್ನು ಮೀನಿಗೆ ಪುಕ್ಕಟೆಯಾಗಿ ತಾನೇ ಕೊಡುವುದು? ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕೆಂದೂ, ಮೊದಲ ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶವಿರುತ್ತದೆಂದೂ ಅವನಿಗೆ ಹೇಳಿಕೊಟ್ಟೆವು. ಠೇವಣಿ ಸಂಗ್ರಹಿಸುವ ಸಂಸ್ಥೆಯ ಬಗ್ಗೆ ಅನುಮಾನವಿದ್ದರೆ ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣವಿದೆ. ಅದು ಆರಂಭವಾದದ್ದು 2016ರಲ್ಲಿ. ನಮ್ಮ ಕರಪತ್ರ ಬಂದದ್ದು 2017ರಲ್ಲಿ. ಕೇಳುವ ಬಾಗಿಲು ಅಂದೂ ತೆರೆದಿತ್ತು.

ಓದುಗ ಬಾಂಧವರು ಕೇಳಬಹುದು: ಇದೆಲ್ಲ ಪೊಲೀಸರ, ಬ್ಯಾಂಕಿನವರ ಕೆಲಸವಲ್ಲವೇ, ಧಾರ್ಮಿಕ ಬರಹದಲ್ಲಿ ಇದಕ್ಕೇನು ಸ್ಥಾನ? ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಯಾವುದೆಂದು ಮದ್ರಸದ ಮಕ್ಕಳನ್ನು ಕೇಳಿ ನೋಡಿ. ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲದ ಲೆಕ್ಕವನ್ನು ಬರೆದಿಡುವುದರ ಕುರಿತಾದದ್ದು. ಬರೆಯುವವನು ಹೇಗಿರಬೇಕು, ಸಾಕ್ಷಿಗಳು ಎಷ್ಟಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು ಎಂಬಷ್ಟು ವಿವರಗಳು ಅಲ್ಲಿವೆ. ಒಂಟೆಯನ್ನು ಕಟ್ಟಿಹಾಕಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ)ರು ಒಬ್ಬರಿಗೆ ಕಲಿಸಿದ ಪ್ರಸಂಗವನ್ನು ನಾವೆಲ್ಲ ಪ್ರವಚನಗಳಲ್ಲಿ ಹೇಳುತ್ತೇವೆ. ನೋಂದಣಿ ಸಂಖ್ಯೆಯನ್ನು ಹುಡುಕುವುದು ಹಗ್ಗದ ಗಂಟನ್ನು ಎಳೆದು ನೋಡಿದ ಹಾಗೆ. ಹಲಾಲೇ ಎಂಬ ಪ್ರಶ್ನೆ ಕಳ್ಳನ ಮನೆಯ ಮುಂದೆ ನಿಂತು ಕೇಳುವಂಥದ್ದಲ್ಲ. ಹಣ ಯಾರ ಕೈಯಲ್ಲಿದೆ ಎಂಬುದು ತಿಳಿದ ಮೇಲೆ ಆ ಪ್ರಶ್ನೆ ಶುರುವಾಗುತ್ತದೆ.

ಶುರುವಾದ ಮೇಲೆ ಅದಕ್ಕೂ ಶ್ರಮವಿದೆ. ಷೇರು ಎಂದೊಡನೆ ಜೂಜು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಆದರೆ ಮಂಡ್ಯದವರಿಗೆ ಷೇರು ಪರದೇಶದ ವಸ್ತುವಲ್ಲ. 1933ರಲ್ಲಿ ಆರಂಭವಾದ ಮೈಸೂರು ಸಕ್ಕರೆ ಕಂಪನಿಯೇ ಒಂದು ಷೇರು ಕಂಪನಿ. ಕಬ್ಬು ಬೆಳೆಯುವ ರೈತರೂ ಅದರಲ್ಲಿ ಷೇರುದಾರರು. ಕಂಪನಿಯ ಒಂದು ತುಣುಕಿಗೆ ಒಡೆಯರಾಗುವುದು, ಲಾಭ ಬಂದರೆ ಹಂಚಿಕೊಳ್ಳುವುದು, ನಷ್ಟವಾದರೆ ಹೊರುವುದು, ಇಷ್ಟೇ ಅದರ ಮೂಲ. ಹೂಡಿಕೆ ಎಂಬ ನಮ್ಮ ಪದವೂ ನೇಗಿಲಿಗೆ ಎತ್ತು ಹೂಡುವುದರಿಂದಲೇ ಬಂದದ್ದು. ಯಾರ ಹೊಲ, ಎಂಥ ಮಣ್ಣು, ಯಾವ ಬೆಳೆ ಎಂದು ನೋಡದೆ ಮಳವಳ್ಳಿಯ ಯಾವ ರೈತನೂ ಏರು ಹೂಡಲಾರ.

ಬೆಳೆ ಯಾವುದೆಂಬುದೇ ಇಲ್ಲಿ ಶರೀಅತ್‌ನ ಪ್ರಶ್ನೆ. ಮದ್ಯ, ಬಡ್ಡಿ ಬ್ಯಾಂಕು, ಜೂಜು ಮುಂತಾದ ವ್ಯವಹಾರದ ಕಂಪನಿಗಳನ್ನು ಬಿಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಹಲಾಲ್ ವ್ಯಾಪಾರದ ಕಂಪನಿಯೂ ಬಡ್ಡಿಯ ಸಾಲ ತಂದಿರುತ್ತದೆ, ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿ ಪಡೆದಿರುತ್ತದೆ. ಬಹ್ರೇನಿನ ಆಯೋಫಿ ಸಂಸ್ಥೆಯ ಮಾನದಂಡದಂತೆ ಬಡ್ಡಿಯ ಸಾಲವು ಕಂಪನಿಯ ಮಾರುಕಟ್ಟೆ ಮೌಲ್ಯದ ಶೇಕಡಾ 30ನ್ನು ಮೀರಬಾರದು, ನಿಷಿದ್ಧ ಮೂಲದ ಆದಾಯ ಶೇಕಡಾ 5ನ್ನು ಮೀರಬಾರದು, ಆ ಅಂಶವನ್ನೂ ಲೆಕ್ಕ ಹಾಕಿ ದಾನವಾಗಿ ಕೈಬಿಡಬೇಕು. ಈ ಅನುಪಾತಗಳನ್ನು ಒಪ್ಪದೆ ಒಂದು ರೂಪಾಯಿ ಬಡ್ಡಿಯೂ ಬಡ್ಡಿಯೇ ಎನ್ನುವ ಉಲಮಾಗಳಿದ್ದಾರೆ, ಅವರ ಎಚ್ಚರವನ್ನು ನಾವು ಗೌರವಿಸುತ್ತೇವೆ. ಒಪ್ಪುವವರಿಗೆ ಅನುಕೂಲಗಳಿವೆ. ಮುಸಫ್ಫಾ, ಇಸ್ಲಾಮಿಕ್ಲಿ ಮುಂತಾದ ಆ್ಯಪ್‌ಗಳು ಒಂದೊಂದು ಕಂಪನಿಯನ್ನೂ ಇಂಥ ಜರಡಿಯಲ್ಲಿ ಹಿಡಿದು ತೋರಿಸುತ್ತವೆ. ಒಂದೊಂದನ್ನೇ ನೋಡುವ ಬಿಡುವಿಲ್ಲದವರಿಗೆ ಶರೀಅತ್ ಜರಡಿಯ ಮ್ಯೂಚುಯಲ್ ಫಂಡ್‌ಗಳಿವೆ: ಟಾಟಾ ಎಥಿಕಲ್, 2009ರಿಂದ ಇರುವ ಟಾರಸ್ ಎಥಿಕಲ್, ನಿಫ್ಟಿ 50 ಶರಿಯಾ ಸೂಚ್ಯಂಕವನ್ನು ಅನುಸರಿಸುವ ಶರಿಯಾ ಬೀಸ್, 2024ರ ಕೊನೆಯಲ್ಲಿ ಬಂದ ಕ್ವಾಂಟಮ್ ಎಥಿಕಲ್. ಇವುಗಳನ್ನು ಕೊಳ್ಳಲು ಚಂದ್ರನ ಗುರುತಿನ ಹಸಿರು ಆ್ಯಪ್ ಬೇಕಿಲ್ಲ, ನೋಂದಣಿಯಾದ ಸಾಮಾನ್ಯ ಆ್ಯಪಿನಲ್ಲೇ ಸಿಗುತ್ತವೆ. ಹಲಾಲ್ ಆಗಿರಬೇಕಾದದ್ದು ನಾವು ಕೊಳ್ಳುವ ಸರಕು. ಅಂಗಡಿಯ ಫಲಕ ಉರ್ದುವಿನಲ್ಲಿದೆಯೇ ಎಂದು ನೋಡಿ ಯಾರೂ ಅಕ್ಕಿ ಕೊಳ್ಳುವುದಿಲ್ಲ. ಒಂದು ವಿಷಯ ಮಾತ್ರ ಅಂಗಡಿಗೇ ಸಂಬಂಧಿಸಿದ್ದು: ಆ ಆ್ಯಪಿನಲ್ಲಿ 'ಡೈರೆಕ್ಟ್' ಯೋಜನೆ ಸಿಗುತ್ತದೆಯೇ ನೋಡಬೇಕು. 2013ರಿಂದ ಎಲ್ಲ ಫಂಡ್‌ಗಳಲ್ಲೂ ಇರುವ ಈ ವಿಧದಲ್ಲಿ ವಿತರಕನ ಕಮಿಷನ್ ಕಳೆಯುವುದಿಲ್ಲ. ಇವೆಲ್ಲವೂ ಏರಿಳಿಯುವ ವ್ಯವಹಾರ, ಅಸಲೂ ಕರಗಬಹುದು. ಹಾಗೆ ಕರಗಬಹುದೆಂದು ಮೊದಲೇ ಹೇಳುವವರನ್ನು ನಾವೀಗ ಹೆಚ್ಚು ನಂಬುತ್ತೇವೆ.

ಅದೇ ಆ್ಯಪಿನಲ್ಲಿ ಒಂದು ಬೆರಳ ದೂರದಲ್ಲಿ ಎಫ್ ಆ್ಯಂಡ್ ಓ ಎಂಬ ಮತ್ತೊಂದು ಕೋಣೆಯಿದೆ. ಮದ್ದೂರಿನ ನಮ್ಮ ಹುಡುಗರು ಎಳನೀರು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಲೋಡು ಹೊತ್ತು ಮಧ್ಯಾಹ್ನ ಅದರಲ್ಲಿ ಕಳೆಯುವುದನ್ನು ಕಣ್ಣಾರೆ ಕಂಡಿದ್ದೇವೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ನಷ್ಟ ಹೊಂದಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇಲ್ಲಿ ಫತ್ವಾ ಕೇಳಲು ನಮ್ಮ ಬಳಿ ಬರಬೇಕಾದ ಅಗತ್ಯವೇ ಇಲ್ಲ.

ಚಿನ್ನದ ವಿಷಯ ನಮ್ಮ ಹೆಣ್ಣುಮಕ್ಕಳು ಹೆಚ್ಚು ಕೇಳುತ್ತಾರೆ. ಆ್ಯಪಿನಲ್ಲಿ 10 ರೂಪಾಯಿಗೂ ಡಿಜಿಟಲ್ ಚಿನ್ನ ಸಿಗುತ್ತದೆ. ಕೊಳ್ಳುವಾಗಲೇ ಶೇಕಡಾ 3 ಜಿಎಸ್‌ಟಿ ಹೋಗುತ್ತದೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವಿರುತ್ತದೆ. ಈ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲವೆಂದು ಸೆಬಿ 2025ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಫಿಕ್ಹ್‌ನ ಪ್ರಶ್ನೆ ಬೇರೆ: ಚಿನ್ನದ ವಿನಿಮಯ ಕೈಯಿಂದ ಕೈಗೆ ಆಗಬೇಕೆಂಬ ಪ್ರವಾದಿ(ಸ)ರ ಆದೇಶ ಪರದೆಯ ಮೇಲಿನ ಗ್ರಾಮಿಗೆ ಹೇಗೆ ಅನ್ವಯಿಸುತ್ತದೆ? ಆಯೋಫಿ 2016ರಲ್ಲಿ ಚಿನ್ನಕ್ಕಾಗಿಯೇ 57ನೆಯ ಮಾನದಂಡ ಹೊರಡಿಸಿ ಇದಕ್ಕೆ ಉತ್ತರಿಸಲು ಯತ್ನಿಸಿತು. ನಮ್ಮ ಹೆಸರಿಗೆ ಪ್ರತ್ಯೇಕಿಸಿಟ್ಟ ನಿಜವಾದ ಚಿನ್ನ ಕೊಟ್ಟಿಯಲ್ಲಿದ್ದರೆ ಅದು ಕೈವಶವಾದಂತೆಯೇ ಎಂಬುದು ಅದರ ಸಾರ. ಸರಕಾರದ ಚಿನ್ನದ ಬಾಂಡಿನಲ್ಲಿ ವರ್ಷಕ್ಕೆ ಶೇಕಡಾ 2.5 ಬಡ್ಡಿ ಸೇರಿರುವುದರಿಂದ ಅದು ಬೇರೆಯೇ ಚರ್ಚೆ. ನಮ್ಮ ಮನೆಯವರು ಇವೆಲ್ಲವನ್ನೂ ಕೇಳಿ, ಮಂಡ್ಯದ ಪೇಟೆಯಲ್ಲಿ ಕಾಲು ಗ್ರಾಮಿನ ಮೂಗುಬೊಟ್ಟು ಕೊಂಡು ತಂದರು. ವಾದಕ್ಕೆ ಅವಕಾಶವಿರಲಿಲ್ಲ.

ಉಳಿತಾಯದ ಕುರಿತು ಯೋಚಿಸುವಾಗ ನಮಗೆ ಈಜಿಪ್ಟಿನ ಮಿತ್ ಗಮ್ರ್ ನೆನಪಾಗುತ್ತದೆ. ನೈಲ್ ನದಿಯ ಮುಖಜ ಭೂಮಿಯ ಆ ಪಟ್ಟಣ ಕಾಲುವೆಯ ನೀರಿನಿಂದ ಬದುಕುವ ನಮ್ಮ ಮಂಡ್ಯದಂತೆಯೇ ರೈತರ ಊರು. 1963ರಲ್ಲಿ ಅಹ್ಮದ್ ಅಲ್‌ನಜ್ಜಾರ್ ಎಂಬವರು ಅಲ್ಲಿ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕ್ ತೆರೆದರು. ಕೆಲವೇ ಕಾಸುಗಳನ್ನೂ ಅಲ್ಲಿ ಕೂಡಿಡಬಹುದಿತ್ತು. 1967ರ ಹೊತ್ತಿಗೆ ಅದು ನಿಂತುಹೋಯಿತಾದರೂ ಇಂದಿನ ಇಸ್ಲಾಮೀ ಬ್ಯಾಂಕುಗಳ ಚರಿತ್ರೆ ಬರೆಯುವವರು ಅಲ್ಲಿಂದಲೇ ಶುರುಮಾಡುತ್ತಾರೆ. ಅದೇ 1963ರಲ್ಲಿ ಮಲೇಷ್ಯಾದಲ್ಲಿ ಹಜ್ಜಿಗಾಗಿ ಬಡವರು ಉಳಿತಾಯ ಮಾಡುವ ನಿಧಿ ಕೆಲಸ ಆರಂಭಿಸಿತು, ಇಂದಿನ ತಾಬುಂಗ್ ಹಾಜಿ ಅದೇ. ಅವೆರಡರಲ್ಲೂ ಧರ್ಮವಿತ್ತು, ಜೊತೆಗೆ ಪುಸ್ತಕ, ಲೆಕ್ಕ, ಕೇಳಲು ಒಂದು ಕಚೇರಿಯೂ ಇತ್ತು.

ನಾವು ಆ್ಯಪ್‌ಗಳನ್ನು ನೋಡುವಾಗ ಇನ್ನೊಂದು ಸಂಗತಿ ಕಾಡಿತು. ನಾಮಿನಿಯ ಅಂಕಣವನ್ನು ಹುಡುಗರು 'ನಂತರ' ಎಂದು ಒತ್ತಿ ಮುಂದೆ ಹೋಗುತ್ತಾರೆ. ಅವರ ಫೋನಿನ ಬೀಗ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಎಷ್ಟು ಜನಾಝಾಗಳಿಗೆ ನಾವು ನಿಂತಿದ್ದೇವೆ! ಹೀಗೆ ಕಣ್ಮರೆಯಾದ ಹಣ ಹುಡುಕಲು ಬ್ಯಾಂಕ್ ಠೇವಣಿಗಳಿಗೆ ರಿಸರ್ವ್ ಬ್ಯಾಂಕಿನ 'ಉದ್ಗಮ್', ಮ್ಯೂಚುಯಲ್ ಫಂಡಿಗೆ 'ಮಿತ್ರ' ಎಂಬ ವ್ಯವಸ್ಥೆಗಳು ಬಂದಿವೆ. ನಾಮಿನಿ ವಾರಸುದಾರನಲ್ಲ, ಹಣವನ್ನು ಪಡೆದು ಹಕ್ಕುದಾರರಿಗೆ ತಲುಪಿಸಬೇಕಾದವನು. ಫರಾಯಿಝ್ ಪ್ರಕಾರ ತಾಯಿಗೆ, ಪತ್ನಿಗೆ, ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಪಾಲು ಒಬ್ಬ ತಮ್ಮನ ಫೋನಿನಲ್ಲೇ ಉಳಿದುಹೋಗಬಾರದು.

ವಾರ ಕಳೆದು ನಾವೇ ಮಳವಳ್ಳಿಗೆ ಹೋದೆವು. ಆ ಆ್ಯಪನ್ನು ಖಾಲಾ ನಮ್ಮೆದುರೇ ಅಳಿಸಿದರು. ಮೊಮ್ಮಗಳು ದ್ವಿತೀಯ ಪಿಯುಸಿ, ಕಾಲೇಜಿನ ಶುಲ್ಕಕ್ಕೆ ಆರು ತಿಂಗಳೂ ಇಲ್ಲ. ಇಷ್ಟು ಬೇಗ ಬೇಕಾಗುವ ಹಣವನ್ನು ಏರಿಳಿಯುವ ಯಾವುದರಲ್ಲೂ ಹಾಕಬಾರದೆಂದೆವು. ಲಕ್ಷದ ಇಪ್ಪತ್ತು ಸಾವಿರವೂ ಅವರ ಹೆಸರಿನ ಬ್ಯಾಂಕ್ ಖಾತೆಗೇ ಹೋಯಿತು. ಬ್ಯಾಂಕ್ ಮುಳುಗಿದರೂ 5 ಲಕ್ಷದವರೆಗೆ ವಿಮೆಯಿದೆ. ಜಮೆಯಾಗುವ ಬಡ್ಡಿಯನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬಹುದೆಂದು ಹೇಳಿದಾಗ, "ಇದನ್ನ ಆವಾಗಲೇ ಹೇಳಿದ್ದರೆ" ಎಂದು ಅರ್ಧಕ್ಕೆ ನಿಲ್ಲಿಸಿದರು. ನಾವು ತಲೆ ತಗ್ಗಿಸಿದೆವು.

ಹೊಲಿಗೆಯಿಂದ ತಿಂಗಳಿಗೆ ಉಳಿಯುವ 500 ರೂಪಾಯಿಯನ್ನು ಮಾತ್ರ, ಮುಳುಗಿದರೂ ಪರವಾಗಿಲ್ಲವೆಂದು ಅವರೇ ಹೇಳಿದ ಮೇಲೆ, ಶರೀಅತ್ ಜರಡಿಯ ಒಂದು ಫಂಡಿಗೆ ಹಾಕುವುದೆಂದಾಯಿತು. ನಾಮಿನಿಯಾಗಿ ಮೊಮ್ಮಗಳ ತಾಯಿಯ ಹೆಸರು ಬರೆದೆವು. ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಒಂದೊಂದನ್ನೂ ಓದಿ ಅರ್ಥ ಹೇಳಲು ಮಗ್ರಿಬ್‌ವರೆಗೂ ಸಮಯ ಹಿಡಿಯಿತು.

ಮುಂದಿನ ತಿಂಗಳು ಲೆಕ್ಕಪತ್ರ ಬಂತು. ಖಾಲಾ ಅದನ್ನು ಮೊಬೈಲ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಮದ್ದೂರಿಗೆ ಬಂದಿದ್ದರು. "ಇದರಲ್ಲಿ ನನ್ನ ಹೆಸರು ಎಲ್ಲಿದೆ?" ಎಂದರು. ತೋರಿಸಿದೆವು. ಬೆರಳಿಟ್ಟು ನೋಡಿದರು. 500ರ ಬೆಲೆ 488 ಆಗಿತ್ತು. ಅದನ್ನೂ ಹೇಳಿದೆವು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡು ಕೇಳಿದರು:

"ಈ ಸಲ ನೀವು ಹಾಕಿದ್ದೀರಾ ಹಜ್ರತ್?"

"ಹಾಕಿದ್ದೇವೆ ಖಾಲಾ. ನಿಮ್ಮಷ್ಟೇ, 500."

"ಎಲ್ಲಿ, ತೋರಿಸಿ."

ಮೊಬೈಲ್ ತೆಗೆದು ಅವರ ಕೈಗೆ ಕೊಟ್ಟೆವು.